ಡಿಸ್ನಿ ವರ್ಲ್ಡ್‌ನ ಕ್ಯಾರೆಕ್ಟರ್ ಬ್ರೇಕ್‌ಫಾಸ್ಟ್: ಕೊಟ್ಟ ಹಣಕ್ಕೆ ತಕ್ಕದ್ದೇ ಎಂದು ತೀರ್ಮಾನಿಸುವ ಬಗೆ

ಫ್ಲಾರಿಡಾದ ಆರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಮಕ್ಕಳೊಂದಿಗೆ ಹೊರಟವರಿಗೆ ವಿಮಾನ, ಹೋಟೆಲು, ಪಾರ್ಕಿನ ಟಿಕೆಟ್ ಎಲ್ಲವನ್ನೂ ಗೊತ್ತುಮಾಡಿಕೊಂಡ ಮೇಲೂ ಒಂದು ವಿಷಯ ಇತ್ಯರ್ಥವಾಗದೆ ಉಳಿದಿರುತ್ತದೆ. ಮಿಕ್ಕಿ ಮೌಸ್, ಡೊನಾಲ್ಡ್ ಡಕ್ ಅಥವಾ ಸಿಂಡರೆಲ್ಲಾ ಮೇಜಿನ ಬಳಿಗೇ ಬಂದು ಮಾತನಾಡಿಸುವ ಬೆಳಗಿನ ತಿಂಡಿಗೆ ಒಬ್ಬೊಬ್ಬರಿಗೆ ನಾಲ್ಕೈದು ಸಾವಿರ ರೂಪಾಯಿ ತೆರಬೇಕೇ ಎಂಬುದೇ ಆ ವಿಷಯ. ಹೋಗಿ ಬಂದವರನ್ನು ಕೇಳಿದರೆ ಕೆಲವರು ತಪ್ಪಿಸಲೇಬಾರದು ಎನ್ನುತ್ತಾರೆ, ಇನ್ನು ಕೆಲವರು ಹಣ ದಂಡ ಎನ್ನುತ್ತಾರೆ. ಅವರವರ ಮಟ್ಟಿಗೆ ಇಬ್ಬರ ಮಾತೂ ನಿಜವೇ ಆಗಿರುವುದರಿಂದ ಆ ಸಲಹೆಗಳಿಂದ ನಿಮಗೆ ಹೆಚ್ಚು ಉಪಯೋಗವಾಗದು. ನಿಮ್ಮ ಮಗುವಿನ ವಯಸ್ಸು, ನಿಮ್ಮ ಆಹಾರ ಪದ್ಧತಿ, ಪಾರ್ಕಿನಲ್ಲಿ ನೀವು ಕಳೆಯಲಿರುವ ದಿನಗಳು ಇವುಗಳನ್ನು ಇಟ್ಟುಕೊಂಡು ನೀವೇ ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ಯಾವ ಕ್ರಮದಲ್ಲಿ ಹಾಕಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು, ಮಾರುತ್ತಿರುವುದು ಏನೆಂದು ತಿಳಿಯಿರಿ

ಇಲ್ಲಿ ಮಾರಾಟವಾಗುವುದು ತಿಂಡಿಯಲ್ಲ. ವಾಫಲ್, ಮೊಟ್ಟೆ, ಆಲೂಗಡ್ಡೆ, ಹಣ್ಣು, ಬೇಕನ್, ಸಾಸೇಜ್, ಕಿತ್ತಳೆ ರಸ ಇವು ಅಮೆರಿಕದ ಯಾವುದೇ ಸಾಧಾರಣ ಹೋಟೆಲಿನಲ್ಲಿಯೂ ಸಿಗುತ್ತವೆ, ಎಷ್ಟೋ ಹೋಟೆಲುಗಳಲ್ಲಿ ಕೋಣೆಯ ಬಾಡಿಗೆಯಲ್ಲಿಯೇ ಸೇರಿರುತ್ತವೆ. ನೀವು ಹಣ ಕೊಡುವುದು ಸಾಲಿನಲ್ಲಿ ನಿಲ್ಲದೆ, ಕುಳಿತಲ್ಲಿಯೇ, ಖಚಿತವಾಗಿ ಇಂತಿಷ್ಟು ಪಾತ್ರಗಳನ್ನು ಭೇಟಿಯಾಗುವ ಅನುಕೂಲಕ್ಕೆ. ಪಾರ್ಕುಗಳ ಒಳಗೆ ಇದೇ ಭೇಟಿ ಉಚಿತವಾಗಿ ದೊರೆಯುತ್ತದೆ. ಆ ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್ಡಮ್‌ನ ಹೆಬ್ಬಾಗಿಲು ದಾಟಿದೊಡನೆ ಸಿಗುವ ಟೌನ್ ಸ್ಕ್ವೇರ್ ಥಿಯೇಟರ್‌ನಲ್ಲಿ ಮಿಕ್ಕಿಯನ್ನೂ, ಪ್ರಿನ್ಸೆಸ್ ಫೇರಿಟೇಲ್ ಹಾಲ್‌ನಲ್ಲಿ ರಾಜಕುಮಾರಿಯರನ್ನೂ ಕಾಣಬಹುದು. ಅದಕ್ಕೆ ತೆರಬೇಕಾದದ್ದು ಸಮಯ ಮಾತ್ರ, ಮತ್ತು ಆ ಸಮಯ ದಿನದಿಂದ ದಿನಕ್ಕೆ ಬಹಳ ಬದಲಾಗುತ್ತದೆ.

ಮೇಜಿನ ಬಳಿ ನಡೆಯುವ ಭೇಟಿ ಹೇಗಿರುತ್ತದೆ ಎಂಬುದೂ ಗೊತ್ತಿರಬೇಕು. ಪಾತ್ರಗಳು ಊಟದ ಸಭಾಂಗಣದಲ್ಲಿ ಒಂದರ ಹಿಂದೊಂದು ಸುತ್ತು ಬರುತ್ತವೆ. ಪ್ರತಿ ಮೇಜಿನಲ್ಲಿ ಒಂದೆರಡು ನಿಮಿಷ ನಿಂತು, ಮಗುವಿನ ಕೈ ಕುಲುಕಿ ಅಥವಾ ಅಪ್ಪಿಕೊಂಡು, ಪುಸ್ತಕದಲ್ಲಿ ಸಹಿ ಹಾಕಿ, ಫೋಟೊಗೆ ನಿಂತು ಮುಂದಿನ ಮೇಜಿಗೆ ಹೋಗುತ್ತವೆ. ಮಿಕ್ಕಿ, ಗೂಫಿ, ಪ್ಲೂಟೊಗಳಂತಹ ಮುಖವಾಡದ ಪಾತ್ರಗಳು ಮಾತನಾಡುವುದಿಲ್ಲ, ಎಲ್ಲವೂ ಕೈಸನ್ನೆ, ಮೈಸನ್ನೆಗಳಲ್ಲಿಯೇ. ಸಿಂಡರೆಲ್ಲಾ, ಟಿಯಾನಾ, ಅಲ್ಲಾದ್ದೀನ್ ಮೊದಲಾದ ಮನುಷ್ಯ ಪಾತ್ರಗಳು ಮಾತ್ರ ಇಂಗ್ಲಿಷಿನಲ್ಲಿ ಮಾತನಾಡುತ್ತವೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೋದ ಮಗುವಿಗೆ ಇಂಗ್ಲಿಷ್ ಇನ್ನೂ ಬಾಯಿಗೆ ಬಂದಿಲ್ಲವಾದರೆ, ಪ್ರಶ್ನೆ ಕೇಳುವ ರಾಜಕುಮಾರಿಗಿಂತ ಮಾತಿಲ್ಲದೆ ಚೇಷ್ಟೆ ಮಾಡುವ ಗೂಫಿಯೇ ಬೇಗ ಹತ್ತಿರವಾಗುತ್ತಾನೆ. ಯಾವ ಸ್ಥಳ ಎಂದು ನಿರ್ಧರಿಸುವಾಗ ಈ ಅಂಶ ನಾವು ಎಣಿಸುವುದಕ್ಕಿಂತ ಹೆಚ್ಚು ಮುಖ್ಯವಾಗುತ್ತದೆ.

ಎರಡನೆಯ ಹೆಜ್ಜೆ: ಪೂರ್ತಿ ಬಿಲ್ ಬರೆದುಕೊಳ್ಳಿ

ಜಾಲತಾಣದಲ್ಲಿ ಕಾಣುವ ದರ ಪೂರ್ತಿ ಖರ್ಚಲ್ಲ. ಅದರ ಮೇಲೆ ಆರ್ಲ್ಯಾಂಡೊ ಇರುವ ಆರೆಂಜ್ ಕೌಂಟಿಯ 6.5 ಶೇಕಡಾ ಮಾರಾಟ ತೆರಿಗೆಯೂ, ಅಮೆರಿಕದ ರೂಢಿಯಂತೆ 18ರಿಂದ 20 ಶೇಕಡಾ ಟಿಪ್ಸ್ ಕೂಡ ಸೇರುತ್ತವೆ. ಆರು ಅಥವಾ ಅದಕ್ಕಿಂತ ಹೆಚ್ಚು ಮಂದಿಯ ಗುಂಪಾದರೆ 18 ಶೇಕಡಾ ಟಿಪ್ಸ್ ಬಿಲ್ಲಿನಲ್ಲಿಯೇ ಸೇರಿಕೊಂಡು ಬರುತ್ತದೆ. ಅದನ್ನು ಗಮನಿಸದೆ ಮತ್ತೊಮ್ಮೆ ಟಿಪ್ಸ್ ಬರೆದು ಸಹಿ ಮಾಡುವವರು ಕಡಿಮೆಯೇನಲ್ಲ.

ವಯಸ್ಸಿನ ನಿಯಮ ಸರಳವಾಗಿದೆ. ಮೂರು ವರ್ಷ ತುಂಬದ ಮಗುವಿಗೆ ಹಣವಿಲ್ಲ, ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ, ಹತ್ತು ತುಂಬಿದರೆ ದೊಡ್ಡವರ ದರ. ಪಾರ್ಕಿನ ಟಿಕೆಟ್ಟಿಗೂ ಇದೇ ವಿಂಗಡಣೆ. ಆದ್ದರಿಂದ ಮಗುವಿನ ಮೂರನೆಯ ಅಥವಾ ಹತ್ತನೆಯ ಹುಟ್ಟುಹಬ್ಬ ಪ್ರವಾಸದ ಆಸುಪಾಸಿನಲ್ಲಿದ್ದರೆ ದಿನಾಂಕವನ್ನು ಸ್ವಲ್ಪ ಹಿಂದೆ ಮಾಡಿಕೊಳ್ಳುವುದರಿಂದಲೇ ಗಣನೀಯ ಮೊತ್ತ ಉಳಿಯಬಹುದು.

ದರಗಳು ಸ್ಥಳಕ್ಕೂ ದಿನಕ್ಕೂ ತಕ್ಕಂತೆ ಬದಲಾಗುವುದರಿಂದ, ಲೆಕ್ಕದ ಅನುಕೂಲಕ್ಕಾಗಿ ದೊಡ್ಡವರಿಗೆ 50 ಡಾಲರ್, ಮಕ್ಕಳಿಗೆ 30 ಡಾಲರ್ ಎಂದು ಇಟ್ಟುಕೊಳ್ಳೋಣ. ತಂದೆ, ತಾಯಿ, ಆರು ವರ್ಷದ ಮಗಳು, ಎರಡು ವರ್ಷದ ಮಗ ಇರುವ ಕುಟುಂಬಕ್ಕೆ ತಿಂಡಿಯ ಬೆಲೆ 130 ಡಾಲರ್. ತೆರಿಗೆ 8.45, ಟಿಪ್ಸ್ 23.40 ಸೇರಿ ಒಟ್ಟು 161.85 ಡಾಲರ್. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ ಹದಿಮೂರೂವರೆ ಸಾವಿರ ದಾಟುತ್ತದೆ, ಭಾರತದ ಕ್ರೆಡಿಟ್ ಕಾರ್ಡ್ ಬಳಸಿದರೆ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಬೇರೆ. ನೀವು ಆರಿಸಿದ ಸ್ಥಳದ ಅಂದಿನ ದರವನ್ನು ಇದೇ ಚೌಕಟ್ಟಿನಲ್ಲಿ ಹಾಕಿ ನೋಡಿ. ಸಿಂಡರೆಲ್ಲಾ ಕೋಟೆಯೊಳಗಿನ ತಿಂಡಿಗೆ ಈ ಮೊತ್ತ ಇನ್ನೂ ಬಹಳ ಮೇಲೆ ಹೋಗುತ್ತದೆ.

ಮೂರನೆಯ ಹೆಜ್ಜೆ: ಹೇಗೂ ತಿನ್ನುತ್ತಿದ್ದ ತಿಂಡಿಯ ಬೆಲೆ ಕಳೆಯಿರಿ

ಕ್ಯಾರೆಕ್ಟರ್ ಬ್ರೇಕ್‌ಫಾಸ್ಟ್ ಇಲ್ಲದಿದ್ದರೆ ಕುಟುಂಬವೇನೂ ಉಪವಾಸ ಇರುತ್ತಿರಲಿಲ್ಲ. ಅದೇ ನಾಲ್ವರು ಹೋಟೆಲಿನ ಕೌಂಟರಿನಲ್ಲಿ ತಿಂಡಿ ತೆಗೆದುಕೊಂಡಿದ್ದರೆ ದೊಡ್ಡವರಿಗೆ 12, ಮಗುವಿಗೆ 8 ಡಾಲರಿನಂತೆ ತೆರಿಗೆ ಸೇರಿ ಸುಮಾರು 34 ಡಾಲರ್ ಆಗುತ್ತಿತ್ತು. ವ್ಯತ್ಯಾಸ ಸುಮಾರು 128 ಡಾಲರ್. ಪಾತ್ರಗಳನ್ನು ಭೇಟಿಯಾಗಲು ನೀವು ಕೊಡುತ್ತಿರುವ ನಿಜವಾದ ಬೆಲೆ ಇದು. ಕೋಣೆಯಲ್ಲಿಯೇ ಬ್ರೆಡ್ಡು, ಬಾಳೆಹಣ್ಣು, ಊರಿನಿಂದ ತಂದ ಅವಲಕ್ಕಿ ಒಗ್ಗರಣೆಯಲ್ಲಿ ತಿಂಡಿ ಮುಗಿಸುವ ಅಭ್ಯಾಸದವರಾದರೆ ವ್ಯತ್ಯಾಸ ಇನ್ನೂ ಹೆಚ್ಚು.

ಈಗ ಆ 128 ಡಾಲರನ್ನು ಸಮಯದೊಂದಿಗೆ ತೂಗಬೇಕು. ಐದು ಪಾತ್ರಗಳು ಬರುವ ತಿಂಡಿ ಎಂದುಕೊಳ್ಳಿ. ಅವೇ ಐದನ್ನು ಪಾರ್ಕಿನಲ್ಲಿ ಹುಡುಕಿಕೊಂಡು ಹೋಗಿ, ಒಂದೊಂದಕ್ಕೂ ಅರ್ಧ ಗಂಟೆ ಕಾದರೆ ಎರಡೂವರೆ ಗಂಟೆ ಹೋಗುತ್ತದೆ. ಒಂದು ದಿನದ ಪಾರ್ಕ್ ಟಿಕೆಟ್ ತಲೆಗೆ 150 ಡಾಲರ್, ಪಾರ್ಕಿನಲ್ಲಿ ಹತ್ತು ಗಂಟೆ ಇರುತ್ತೀರಿ ಎಂದು ಹಿಡಿದರೆ, ಹಣ ಕೊಡಬೇಕಾದ ಮೂವರಿಗೆ ಗಂಟೆಗೆ 45 ಡಾಲರ್ ಬೀಳುತ್ತದೆ. ಎರಡೂವರೆ ಗಂಟೆಗೆ 112 ಡಾಲರ್. ಕೊಡುವ ಹೆಚ್ಚುವರಿ ಹಣಕ್ಕೂ ಉಳಿಯುವ ಸಮಯದ ಬೆಲೆಗೂ ಹೆಚ್ಚು ಅಂತರವಿಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ, ಪರವಾಗಿ ವಾದಿಸುವವರೆಲ್ಲ ಇಲ್ಲಿಯೇ ಲೆಕ್ಕ ನಿಲ್ಲಿಸುತ್ತಾರೆ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಆ ಐದೂ ಪಾತ್ರಗಳಿಗಾಗಿ ನೀವು ನಿಜಕ್ಕೂ ಸಾಲಿನಲ್ಲಿ ನಿಲ್ಲುತ್ತಿದ್ದಿರಾ? ಹೆಚ್ಚಿನ ಕುಟುಂಬಗಳು ಮಿಕ್ಕಿಗಾಗಿ ನಿಲ್ಲುತ್ತವೆ, ಮಗಳು ಹಟ ಹಿಡಿದರೆ ಒಬ್ಬ ರಾಜಕುಮಾರಿಗಾಗಿ ನಿಲ್ಲುತ್ತವೆ. ಪ್ಲೂಟೊಗಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಗಂಟೆ ಕಾಯುವವರು ವಿರಳ. ಮಿಕ್ಕಿಯೊಬ್ಬನೇ ಸಾಕು ಎನ್ನುವ ಮನೆಯಾದರೆ ಉಳಿಯುವುದು ಅರ್ಧ ಗಂಟೆ, ಅದರ ಬೆಲೆ 22 ಡಾಲರ್, ಅದಕ್ಕಾಗಿ 128 ಡಾಲರ್ ಕೊಡುವುದರಲ್ಲಿ ಅರ್ಥವಿಲ್ಲ. ಮೂರು ನಾಲ್ಕು ಪಾತ್ರಗಳ ಹೆಸರು ಹೇಳಿ, ಅವರನ್ನು ನೋಡಲೇಬೇಕು ಎನ್ನುವ ಮಗು ಇದ್ದರೆ ಮಾತು ಬೇರೆ. ಈ ಲೇಖನದ ಉಳಿದ ಹೆಜ್ಜೆಗಳೆಲ್ಲ ಈ ಒಂದು ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕಂಡುಕೊಳ್ಳಲು ನೆರವಾಗುವಂಥವು.

ತಿಂಡಿಗೂ ಸಮಯ ಹಿಡಿಯುತ್ತದೆ ಎಂಬುದನ್ನು ಮರೆಯಬಾರದು. ಎಲ್ಲ ಪಾತ್ರಗಳೂ ನಿಮ್ಮ ಮೇಜಿಗೆ ಬಂದು ಹೋಗಲು ಒಂದರಿಂದ ಒಂದೂವರೆ ಗಂಟೆ ಬೇಕು. ಪಾರ್ಕಿಗೆ ಹೋಗುವ ದಿನವೇ ಬೆಳಿಗ್ಗೆ ಎಂಟೂವರೆಗೆ ತಿಂಡಿಗೆ ಕುಳಿತರೆ, ಸವಾರಿಗಳ ಸಾಲು ಅತ್ಯಂತ ಚಿಕ್ಕದಾಗಿರುವ ಹೊತ್ತನ್ನೇ ಕಳೆದುಕೊಂಡಂತಾಗುತ್ತದೆ. ಇದನ್ನು ತಪ್ಪಿಸಲು ಎರಡು ದಾರಿಗಳಿವೆ, ಅವನ್ನು ಮುಂದೆ ಹೇಳುತ್ತೇನೆ.

ನಾಲ್ಕನೆಯ ಹೆಜ್ಜೆ: ಮಗುವನ್ನು ಪರೀಕ್ಷಿಸಿ ನೋಡಿ

ಆಯ್ದುಕೊಂಡ ಸ್ಥಳದಲ್ಲಿ ಬರುವ ಪಾತ್ರಗಳ ಚಿತ್ರಗಳನ್ನು ಫೋನಿನಲ್ಲಿ ತೆರೆದು, ಹೆಸರು ಹೇಳದೆ, ಮಗುವಿಗೆ ಒಂದೊಂದಾಗಿ ತೋರಿಸಿ. ಅದು ತಾನಾಗಿಯೇ ಹೆಸರು ಹೇಳಿದವುಗಳನ್ನು ಮಾತ್ರ ಎಣಿಸಿ. ಅಮೆರಿಕದಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳು ಚಿಪ್ ಮತ್ತು ಡೇಲ್‌ರನ್ನೂ ಗುರುತಿಸಬಹುದು. ಇಲ್ಲಿಂದ ಹೋದ ಮಗುವಿಗೆ ಮಿಕ್ಕಿ, ಮಿನ್ನಿ, ಎಲ್ಸಾ ಗೊತ್ತಿದ್ದು, ಟಿಗರ್ ಮತ್ತು ಈಯೋರ್ ಬರೀ ಹುಲಿ, ಕತ್ತೆಗಳಾಗಿ ಕಾಣುವುದೇ ಹೆಚ್ಚು. ಎರಡಕ್ಕಿಂತ ಕಡಿಮೆ ಹೆಸರು ಬಂದರೆ ಆ ಸ್ಥಳವನ್ನು ಪಟ್ಟಿಯಿಂದ ತೆಗೆದುಬಿಡಿ.

ಎಲ್ಸಾಳ ವಿಚಾರದಲ್ಲಿ ವಿಶೇಷ ಎಚ್ಚರಿಕೆ ಬೇಕು. ಎಪ್ಕಾಟ್ ಪಾರ್ಕಿನ ನಾರ್ವೆ ವಿಭಾಗದಲ್ಲಿ ಅಕರ್ಸ್‌ಹುಸ್ ಎಂಬ ರಾಜಕುಮಾರಿಯರ ಭೋಜನಶಾಲೆ ಇದೆ. ಫ್ರೋಜನ್ ಚಿತ್ರದ ನಾಡು ನಾರ್ವೆಯನ್ನು ಹೋಲುವುದರಿಂದ ಅದರ ಅಕ್ಕತಂಗಿಯರಾದ ಎಲ್ಸಾ ಮತ್ತು ಆನಾ ಅಲ್ಲಿ ಇರಲೇಬೇಕು ಎಂದು ಅನೇಕರು ಊಹಿಸಿ ಹಣ ಕಟ್ಟುತ್ತಾರೆ. ಅಲ್ಲಿ ಮೇಜಿಗೆ ಬರುವವರು ಬೇರೆ ರಾಜಕುಮಾರಿಯರು, ಎಲ್ಸಾ ಮತ್ತು ಆನಾ ಸಿಗುವುದು ಪಕ್ಕದಲ್ಲಿಯೇ ಇರುವ ರಾಯಲ್ ಸೊಮರ್‌ಹುಸ್‌ನಲ್ಲಿ, ಅದೂ ಉಚಿತವಾಗಿ, ಸಾಲಿನಲ್ಲಿ ನಿಂತರೆ. ನೀಲಿ ಗೌನು ತೊಟ್ಟು ಎಲ್ಸಾಳಿಗಾಗಿ ಕಾದು ಕುಳಿತ ಮಗುವಿನ ಎದುರಿಗೆ ಸ್ನೋ ವೈಟ್ ಬಂದು ನಿಂತರೆ ಏನಾಗುತ್ತದೆ ಎಂಬುದನ್ನು ಹೆತ್ತವರಿಗೆ ಬಿಡಿಸಿ ಹೇಳಬೇಕಿಲ್ಲ.

ವಯಸ್ಸಿನ ಬಗ್ಗೆ ಹೇಳುವುದಾದರೆ, ಮೂರು ವರ್ಷದ ಕೆಳಗಿನ ಮಕ್ಕಳಿಗೆ ದುಡ್ಡಿಲ್ಲ ಎಂಬುದು ಆಕರ್ಷಣೆಯಾಗಬಾರದು. ಯಕ್ಷಗಾನದ ಬಣ್ಣದ ವೇಷ ರಂಗಸ್ಥಳಕ್ಕೆ ನುಗ್ಗಿದಾಗ ಮುಂದಿನ ಸಾಲಿನ ಪುಟ್ಟ ಮಕ್ಕಳು ತಾಯಿಯ ಸೆರಗಿನೊಳಗೆ ಮುಖ ಹುದುಗಿಸುವುದನ್ನು ಕರಾವಳಿಯವರು ನೋಡಿಯೇ ಇರುತ್ತಾರೆ, ಆರಡಿಯ ಗೂಫಿ ಹತ್ತಿರ ಬಂದಾಗ ಆಗುವುದೂ ಅದೇ. ಆ ವಯಸ್ಸಿನ ಮಗು ದೂರದಿಂದ ಮೆರವಣಿಗೆಯಲ್ಲಿ ಮಿಕ್ಕಿಯನ್ನು ನೋಡಿ ಕೈಬೀಸುವುದನ್ನೇ ಹೆಚ್ಚು ಇಷ್ಟಪಡುತ್ತದೆ. ನನ್ನ ತೀರ್ಮಾನದಲ್ಲಿ ಈ ತಿಂಡಿಯ ಫಲ ಹೆಚ್ಚಾಗಿ ದೊರೆಯುವುದು ನಾಲ್ಕರಿಂದ ಏಳೆಂಟು ವರ್ಷದವರೆಗಿನ ಮಕ್ಕಳಿಗೆ. ಒಳಗೆ ಒಬ್ಬ ಮನುಷ್ಯ ಇದ್ದಾನೆ ಎಂಬ ಗುಮಾನಿ ಇನ್ನೂ ಹುಟ್ಟಿರದ, ಹುಟ್ಟಿದರೂ ಅದನ್ನು ಒಪ್ಪಲು ಇಷ್ಟವಿಲ್ಲದ ವಯಸ್ಸು ಅದು. ಹತ್ತು ತುಂಬಿದ ಮಗುವಿಗೆ ದೊಡ್ಡವರ ದರ ಕೊಟ್ಟು ಕರೆದೊಯ್ಯುವ ಮುನ್ನ ಅದನ್ನೇ ಕೇಳಿ. ಅಷ್ಟೇ ಹಣದಲ್ಲಿ ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಪಾಸ್ ಬೇಕು ಎಂದು ಹೇಳುವ ಸಂಭವವೇ ಹೆಚ್ಚು.

ಐದನೆಯ ಹೆಜ್ಜೆ: ತಟ್ಟೆಯಲ್ಲಿ ಏನಿರುತ್ತದೆ

ನಮ್ಮವರಲ್ಲಿ ಬಹುಪಾಲು ಮನೆಗಳ ನಿರ್ಧಾರ ಇಲ್ಲಿಯೇ ಆಗಬೇಕು. ಬೆಲೆ ಒಂದೇ, ಆದರೆ ತಿನ್ನಬಹುದಾದದ್ದು ಒಂದೇ ಅಲ್ಲ. ಮಾಂಸ, ಮೊಟ್ಟೆ ಎರಡನ್ನೂ ತಿನ್ನುವವರು ಬಫೆಯಲ್ಲಿ ಕೊಟ್ಟ ಹಣದ ಒಂದು ಭಾಗವನ್ನಾದರೂ ಹೊಟ್ಟೆಗೆ ಸೇರಿಸಿಕೊಳ್ಳುತ್ತಾರೆ. ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೂ ವಾಫಲ್, ಆಮ್ಲೆಟ್, ಪೇಸ್ಟ್ರಿಗಳಿಂದ ಹೇಗೋ ನಡೆದುಹೋಗುತ್ತದೆ. ಮೊಟ್ಟೆಯನ್ನೂ ಮುಟ್ಟದವರಿಗೆ ತೊಡಕು ಶುರುವಾಗುತ್ತದೆ, ಏಕೆಂದರೆ ಎಲ್ಲರ ಫೋಟೊಗಳಲ್ಲಿ ಕಾಣುವ ಆ ಮಿಕ್ಕಿ ಮುಖದ ವಾಫಲ್‌ನಲ್ಲಿಯೂ ಮೊಟ್ಟೆ ಇರುತ್ತದೆ, ಪ್ಯಾನ್‌ಕೇಕು, ಮಫಿನ್ನು, ಬಹುತೇಕ ಪೇಸ್ಟ್ರಿಗಳಲ್ಲಿಯೂ ಇರುತ್ತದೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಆಹಾರದ ಅಲರ್ಜಿ ಮತ್ತು ನಿರ್ಬಂಧಗಳ ವಿಷಯದಲ್ಲಿ ಡಿಸ್ನಿಯ ಅಡುಗೆಮನೆಗಳಿಗೆ ಒಳ್ಳೆಯ ಹೆಸರಿದೆ. 2019ರಿಂದ ಸಂಪೂರ್ಣ ಸಸ್ಯಜನ್ಯ ತಿನಿಸುಗಳನ್ನು ಮೆನುವಿನಲ್ಲಿ ಎಲೆಯ ಗುರುತಿನಿಂದ ತೋರಿಸುವ ಪದ್ಧತಿಯೂ ಇದೆ. ಕಾಯ್ದಿರಿಸುವಾಗಲೇ ಹೇಳಿ, ಕುಳಿತೊಡನೆ ಬಡಿಸುವವರಿಗೆ ಮತ್ತೊಮ್ಮೆ ಹೇಳಿದರೆ, ಅಡುಗೆಯವರೇ ಮೇಜಿಗೆ ಬಂದು ಯಾವುದನ್ನು ತಿನ್ನಬಹುದು ಎಂದು ವಿವರಿಸಿ, ಮೊಟ್ಟೆ ಹಾಲು ಇಲ್ಲದ ವಾಫಲ್ ಮಾಡಿಸಿಕೊಡುವುದುಂಟು. ವೆಜಿಟೇರಿಯನ್ ಎಂದಷ್ಟೇ ಹೇಳಿದರೆ ಅಲ್ಲಿಯವರ ಲೆಕ್ಕದಲ್ಲಿ ಮೊಟ್ಟೆ ಅದರೊಳಗೆ ಬರುತ್ತದೆ. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಜೆಲಟಿನ್ ಬೇಡ, ಹಾಲು ಮೊಸರು ಆಗಬಹುದು ಎಂದು ಒಂದೊಂದಾಗಿ ಹೆಸರಿಸಿ ಹೇಳುವುದು ಮೇಲು. ಆಲೂಗಡ್ಡೆ ಕರಿದ ಎಣ್ಣೆಯಲ್ಲಿ ಬೇರೇನು ಕರಿದಿದ್ದಾರೆ ಎಂದು ಕೇಳುವುದಕ್ಕೂ ಸಂಕೋಚ ಬೇಡ. ಇಷ್ಟೆಲ್ಲ ಆದ ಮೇಲೆ ತಟ್ಟೆಯಲ್ಲಿ ಉಳಿಯುವುದು ವಾಫಲ್, ಹಣ್ಣು, ಆಲೂಗಡ್ಡೆ, ಓಟ್ಸ್ ಗಂಜಿ. ಅದು ಐವತ್ತು ಡಾಲರಿನ ತಿಂಡಿಯಲ್ಲ. ಕಾಫಿಯ ಬಗ್ಗೆ ಬರೆಯದಿರುವುದೇ ಲೇಸು.

ಅಜ್ಜ ಅಜ್ಜಿ ಜೊತೆಗಿದ್ದರೆ ಲೆಕ್ಕ ಮತ್ತಷ್ಟು ಬಿಗಿಯಾಗುತ್ತದೆ. ಮಕ್ಕಳು ಅಮೆರಿಕದಲ್ಲಿರುವ ಅನೇಕ ಕನ್ನಡದ ಮನೆಗಳಲ್ಲಿ ಡಿಸ್ನಿ ಪ್ರವಾಸ ಎಂದರೆ ಊರಿನಿಂದ ಬಂದ ಹಿರಿಯರೂ ಸೇರಿದ ಪ್ರವಾಸವೇ. ನಿಗದಿತ ದರದ ಈ ತಿಂಡಿಗಳಲ್ಲಿ ಮೇಜಿಗೆ ಕುಳಿತ ಮೂರು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರಿಗೂ, ತಿನ್ನಲಿ ಬಿಡಲಿ, ಹಣ ಕೊಡಬೇಕು. ಮೇಲಿನ ಉದಾಹರಣೆಗೆ ಇಬ್ಬರು ಹಿರಿಯರನ್ನು ಸೇರಿಸಿದರೆ ಬಿಲ್ಲು 286 ಡಾಲರ್ ದಾಟುತ್ತದೆ. ಅವರ ಸಾಧಾರಣ ತಿಂಡಿಯ ಬೆಲೆ ಕಳೆದರೂ, ಮೊಮ್ಮಗಳ ಸಂಭ್ರಮ ನೋಡುವುದಕ್ಕಾಗಿಯೇ ಸುಮಾರು 99 ಡಾಲರ್ ಹೆಚ್ಚು. ಆ ಸಂಭ್ರಮಕ್ಕೆ ಅಷ್ಟು ಬೆಲೆ ಇದೆ ಎನ್ನುವವರು ಖಂಡಿತ ಕರೆದೊಯ್ಯಲಿ. ಇಲ್ಲವಾದರೆ ತಂದೆ ಅಥವಾ ತಾಯಿ ಒಬ್ಬರೇ ಮಗುವಿನೊಂದಿಗೆ ಹೋಗಿ, ಉಳಿದವರು ಕೋಣೆಯಲ್ಲಿ ವಿಶ್ರಮಿಸಿಕೊಂಡು, ಉಳಿದ ಹಣದಲ್ಲಿ ಎಲ್ಲರೂ ಸೇರಿ ಅನಿಮಲ್ ಕಿಂಗ್ಡಮ್ ಲಾಡ್ಜ್‌ನ ಸನಾ ಎಂಬ ಭೋಜನಶಾಲೆಗೆ ಹೋಗಬಹುದು. ಅಲ್ಲಿ ಪಾತ್ರಗಳಿಲ್ಲ, ಆದರೆ ಕಿಟಕಿಯಾಚೆ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆ, ತಟ್ಟೆಗೆ ನಾನ್, ಚಟ್ನಿ, ರಾಯಿತಗಳು ಬರುತ್ತವೆ. ವಾರಗಟ್ಟಲೆ ಬ್ರೆಡ್ಡು, ಪಿಜ್ಜಾ ತಿಂದ ಹಿರಿಯರ ಮುಖ ಅರಳುವುದು ಮಿಕ್ಕಿಯ ಎದುರಿಗಿಂತ ಅಲ್ಲಿಯೇ ಹೆಚ್ಚು.

ಆರನೆಯ ಹೆಜ್ಜೆ: ಸ್ಥಳವನ್ನು ಆರಿಸುವುದು

ಇಷ್ಟು ಹೆಜ್ಜೆ ದಾಟಿಯೂ ಬೇಕು ಎನಿಸಿದರೆ, ಮೊದಲು ಪಾರ್ಕಿನ ಒಳಗೋ ಹೊರಗೋ ಎಂದು ನಿರ್ಧರಿಸಿ. ಪಾರ್ಕಿನ ಒಳಗಿನ ಭೋಜನಶಾಲೆಗೆ ಆ ದಿನದ ಪಾರ್ಕ್ ಟಿಕೆಟ್ ಕಡ್ಡಾಯ. ಡಿಸ್ನಿಯ ರೆಸಾರ್ಟ್ ಹೋಟೆಲುಗಳಲ್ಲಿ ನಡೆಯುವ ತಿಂಡಿಗೆ ಟಿಕೆಟ್ ಬೇಡ, ಆ ಹೋಟೆಲಿನಲ್ಲಿಯೇ ತಂಗಿರಬೇಕೆಂಬ ನಿಯಮವೂ ಇಲ್ಲ. ಹಾಗಾಗಿ ಬಂದಿಳಿದ ಮರುದಿನ ಅಥವಾ ಪಾರ್ಕುಗಳ ನಡುವಿನ ವಿಶ್ರಾಂತಿಯ ದಿನ ಹೋಟೆಲಿನ ತಿಂಡಿ ಇಟ್ಟುಕೊಂಡರೆ ಪಾರ್ಕಿನ ಒಂದು ನಿಮಿಷವೂ ಕಳೆಯುವುದಿಲ್ಲ, ಮೂರನೆಯ ಹೆಜ್ಜೆಯ ಎರಡೂವರೆ ಗಂಟೆ ಪೂರ್ತಿಯಾಗಿ ನಿಮಗೇ ಉಳಿಯುತ್ತದೆ. ಸಮಯ ಉಳಿಸುವ ಮೊದಲ ದಾರಿ ಇದು. ಎರಡನೆಯದು, ಪಾರ್ಕಿನ ದಿನವೇ ಆಗಬೇಕೆಂದರೆ ತಿಂಡಿಯ ಕೊನೆಯ ಹೊತ್ತನ್ನು, ಅಂದರೆ ಹತ್ತೂವರೆಯ ಆಸುಪಾಸಿನ ಸಮಯವನ್ನು ಹಿಡಿಯುವುದು. ಬೆಳಿಗ್ಗೆ ಪಾರ್ಕ್ ತೆರೆದೊಡನೆ ಒಳಹೊಕ್ಕು ಎರಡು ಮೂರು ದೊಡ್ಡ ಸವಾರಿಗಳನ್ನು ಮುಗಿಸಿ, ಸಾಲುಗಳು ಬೆಳೆಯುವ ಹೊತ್ತಿಗೆ ತಂಪಾದ ಕೋಣೆಯಲ್ಲಿ ತಿಂಡಿಗೆ ಕುಳಿತರೆ ಮಧ್ಯಾಹ್ನದ ಊಟದ ಖರ್ಚೂ ಅದರಲ್ಲಿಯೇ ಕಳೆಯುತ್ತದೆ. ಆಗ 128 ಡಾಲರಿನ ವ್ಯತ್ಯಾಸ ನೂರರ ಒಳಗೆ ಇಳಿಯುತ್ತದೆ.

ಭಾರತದಿಂದ ನೇರವಾಗಿ ಬಂದವರಿಗೆ ಇನ್ನೊಂದು ಅನುಕೂಲವಿದೆ. ಫ್ಲಾರಿಡಾದ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಮೊದಲ ಎರಡು ಮೂರು ದಿನ ಮಕ್ಕಳು ನಸುಕಿನ ನಾಲ್ಕಕ್ಕೇ ಎದ್ದು ಕುಳಿತಿರುತ್ತಾರೆ, ಸಂಜೆಗೆ ಜೋಲಿ ಹೊಡೆಯುತ್ತಾರೆ. ಇದೇ ಪಾತ್ರಗಳ ರಾತ್ರಿಯೂಟ ಅವರಿಗೆ ಪೂರ್ತಿ ನಿರರ್ಥಕ, ಬೆಳಗಿನ ತಿಂಡಿಯಾದರೆ ಸರಿಯಾಗಿ ಹೊಂದುತ್ತದೆ.

ಹೋಟೆಲುಗಳ ಪೈಕಿ ಶೆಫ್ ಮಿಕ್ಕೀಸ್ ಅತ್ಯಂತ ಪ್ರಸಿದ್ಧ. ಮಾನೊರೈಲು ಕಟ್ಟಡದ ಹೊಟ್ಟೆಯೊಳಗೇ ಹಾದುಹೋಗುವ ಕಂಟೆಂಪರರಿ ರೆಸಾರ್ಟ್‌ನಲ್ಲಿದೆ. ಮಿಕ್ಕಿ, ಮಿನ್ನಿ, ಡೊನಾಲ್ಡ್, ಗೂಫಿ, ಪ್ಲೂಟೊ ಐವರೂ ಒಂದೇ ಕಡೆ ಸಿಗುತ್ತಾರೆ, ನಡುನಡುವೆ ಹಾಡು ಹಾಕಿ ಎಲ್ಲರೂ ಕರವಸ್ತ್ರ ಬೀಸುವ ಗದ್ದಲ ಇರುತ್ತದೆ. ಬಫೆ ಸಾಧಾರಣ, ಶಬ್ದ ವಿಪರೀತ, ಆದರೆ ಮೊದಲ ಸಲ ಬರುವ ಮಗುವಿಗೆ ಬೇಕಾದದ್ದು ಅದೇ. ಅಲ್ಲಿಂದ ಮ್ಯಾಜಿಕ್ ಕಿಂಗ್ಡಮ್‌ಗೆ ನಡೆದೇ ಹೋಗಬಹುದು, ಹತ್ತು ಹದಿನೈದು ನಿಮಿಷದ ದಾರಿ.

ರಿವಿಯೆರಾ ರೆಸಾರ್ಟ್‌ನ ಮೇಲ್ಮಹಡಿಯ ಟೊಪೊಲಿನೋಸ್ ಟೆರೇಸ್ ಇದಕ್ಕೆ ತದ್ವಿರುದ್ಧ. ಅಲ್ಲಿ ಬಫೆ ಇಲ್ಲ, ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಮುಖ್ಯ ತಿನಿಸನ್ನು ಆರಿಸಬೇಕು. ಮಿಕ್ಕಿ ಚಿತ್ರಕಾರನಾಗಿ, ಮಿನ್ನಿ ಕವಯಿತ್ರಿಯಾಗಿ, ಡೊನಾಲ್ಡ್ ಶಿಲ್ಪಿಯಾಗಿ, ಡೇಸಿ ನರ್ತಕಿಯಾಗಿ ಬರುತ್ತಾರೆ. ಆಹಾರದ ಗುಣಮಟ್ಟ ಗಮನಿಸುವವರಿಗೆ, ಮುಖ್ಯವಾಗಿ ಅಡುಗೆಯವರಿಗೆ ಹೇಳಿ ಮಾಡಿಸಿಕೊಳ್ಳಬೇಕಾದ ಸಸ್ಯಾಹಾರಿಗಳಿಗೆ, ನಾನು ಸೂಚಿಸುವುದು ಇದನ್ನೇ. ಬಫೆಯಲ್ಲಿ ಚಮಚಗಳು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗುವ ಆತಂಕ ಇಲ್ಲಿ ಇರುವುದಿಲ್ಲ. ಪಾಲಿನೇಷಿಯನ್ ರೆಸಾರ್ಟ್‌ನ ಒಹಾನಾದಲ್ಲಿ ಲಿಲೊ, ಸ್ಟಿಚ್‌ರೊಂದಿಗೆ ಮಿಕ್ಕಿ, ಪ್ಲೂಟೊ ಬರುತ್ತಾರೆ. ಸ್ಟಿಚ್‌ನ ಹುಚ್ಚು ಹಿಡಿದ ಮಕ್ಕಳಿದ್ದರೆ ಬೇರೆ ಆಲೋಚನೆಯೇ ಬೇಡ.

ಪಾರ್ಕುಗಳ ಒಳಗೆ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ವಿನ್ನಿ ದ ಪೂ ಮತ್ತು ಗೆಳೆಯರು, ಅನಿಮಲ್ ಕಿಂಗ್ಡಮ್‌ನ ಟಸ್ಕರ್ ಹೌಸ್‌ನಲ್ಲಿ ಸಫಾರಿ ಉಡುಪಿನ ಡೊನಾಲ್ಡ್ ಮತ್ತು ಸಂಗಡಿಗರು, ಎಪ್ಕಾಟ್‌ನ ಗಾರ್ಡನ್ ಗ್ರಿಲ್‌ನಲ್ಲಿ ಚಿಪ್, ಡೇಲ್, ಮಿಕ್ಕಿ, ಪ್ಲೂಟೊ ಸಿಗುತ್ತಾರೆ. ಗಾರ್ಡನ್ ಗ್ರಿಲ್ ನೀವು ಕುಳಿತಿರುವಾಗಲೇ ನಿಧಾನವಾಗಿ ತಿರುಗುತ್ತದೆ, ಕೆಳಗೆ ದೋಣಿ ಸವಾರಿಯ ದೃಶ್ಯಗಳು ಕಾಣುತ್ತವೆ. ಸಾಕಷ್ಟು ಚಿಕ್ಕದಾಗಿರುವುದರಿಂದ ಪಾತ್ರಗಳು ಮತ್ತೆ ಮತ್ತೆ ಮೇಜಿಗೆ ಬರುತ್ತವೆ.

ಸಿಂಡರೆಲ್ಲಾ ಕೋಟೆಯೊಳಗಿನ ರಾಯಲ್ ಟೇಬಲ್ ಬೇರೆಯೇ ವರ್ಗ. ಪೂರ್ತಿ ಹಣವನ್ನು ಕಾಯ್ದಿರಿಸುವಾಗಲೇ ಕಟ್ಟಬೇಕು. ಅಲ್ಲಿ ನೀವು ಕೊಡುವ ಹೆಚ್ಚುವರಿ ಹಣ ಪಾತ್ರಗಳಿಗಲ್ಲ, ಕೋಟೆಯ ಒಳಗೆ ಕುಳಿತೆವು ಎಂಬುದಕ್ಕೆ. ರಾಜಕುಮಾರಿಯರೇ ಬೇಕು, ಕೋಟೆ ಬೇಡ ಎನ್ನುವುದಾದರೆ ಅಕರ್ಸ್‌ಹುಸ್‌ನಲ್ಲಿ ಕಡಿಮೆ ಬೆಲೆಗೆ ಕೆಲಸ ಆಗುತ್ತದೆ.

ಒಂದು ರೆಸಾರ್ಟ್‌ನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ನೇರ ಬಸ್ ಇಲ್ಲ. ಪಾರ್ಕಿಗೋ, ಅಂಗಡಿ ಹೋಟೆಲುಗಳ ತಾಣವಾದ ಡಿಸ್ನಿ ಸ್ಪ್ರಿಂಗ್ಸ್‌ಗೋ ಹೋಗಿ ಬದಲಿಸಬೇಕು, ಬೆಳಗಿನ ಹೊತ್ತಿನಲ್ಲಿ ಅದಕ್ಕೆ ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು. ಟ್ಯಾಕ್ಸಿ ಹಿಡಿಯುವುದಾದರೆ ಆ ಬಾಡಿಗೆಯನ್ನೂ ಬಿಲ್ಲಿಗೆ ಸೇರಿಸಿ.

ಏಳನೆಯ ಹೆಜ್ಜೆ: ಕಾಯ್ದಿರಿಸುವುದು

ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಡಿಸ್ನಿ ಹೋಟೆಲಿನಲ್ಲಿ ತಂಗುವವರು ಬರುವ ದಿನಕ್ಕೆ 60 ದಿನ ಇರುವಾಗಲೇ ತಮ್ಮ ವಾಸ್ತವ್ಯದ ಹತ್ತು ದಿನಗಳವರೆಗಿನ ಮೇಜುಗಳನ್ನು ಒಟ್ಟಿಗೆ ಹಿಡಿಯಬಹುದು. ಹೊರಗೆ ತಂಗುವವರು ಒಂದೊಂದೇ ದಿನ ಕಾಯಬೇಕು. ಜಾಲತಾಣ ತೆರೆಯುವುದು ಸಾಮಾನ್ಯವಾಗಿ ಅಲ್ಲಿಯ ಬೆಳಿಗ್ಗೆ 6 ಗಂಟೆಗೆ, ಅಂದರೆ ಭಾರತದಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ 3.30, ಚಳಿಗಾಲದಲ್ಲಿ 4.30. ಅಮೆರಿಕದವರು ನಿದ್ದೆಗೆಟ್ಟು ಏಳಬೇಕಾದ ಹೊತ್ತು ನಮಗೆ ಸಂಜೆಯ ಕಾಫಿಯ ಸಮಯಕ್ಕೆ ಬರುತ್ತದೆ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರಕ್ಕೆ ಬ್ಯಾಂಕಿನ ಆ್ಯಪ್‌ನಲ್ಲಿ ಅನುಮತಿ ಕೊಟ್ಟಿದ್ದೀರಾ ಎಂಬುದನ್ನು ಹಿಂದಿನ ದಿನವೇ ಪರಿಶೀಲಿಸಿಕೊಳ್ಳಿ.

ಮೊದಲ ದಿನ ಸಿಗದಿದ್ದರೆ ನಿರಾಶರಾಗಬೇಕಿಲ್ಲ. ಹಲವರು ಎರಡು ಮೂರು ಕಡೆ ಹಿಡಿದಿಟ್ಟು, ಪ್ರವಾಸ ಹತ್ತಿರವಾದಂತೆ ಬೇಡವಾದದ್ದನ್ನು ಬಿಡುತ್ತಾರೆ. ಹೋಗಬೇಕಾದ ದಿನದ ಹಿಂದಿನ ಎರಡು ಮೂರು ದಿನಗಳಲ್ಲಿ ಆಗಾಗ ನೋಡುತ್ತಿದ್ದರೆ ಮೇಜು ದೊರೆಯುವ ಸಂಭವ ಚೆನ್ನಾಗಿರುತ್ತದೆ. ದೊಡ್ಡ ಗುಂಪಿಗಿಂತ ಇಬ್ಬರು ಮೂವರಿಗೆ ಬೇಗ ಸಿಗುತ್ತದೆ.

ತಿಂಡಿಯ ದಿನ

ಕುಳಿತೊಡನೆ ಎಲ್ಲರೂ ಒಟ್ಟಿಗೆ ತಟ್ಟೆ ಹಿಡಿದು ಬಫೆಗೆ ಹೋಗಬೇಡಿ. ಪಾತ್ರ ಬಂದಾಗ ಮೇಜು ಖಾಲಿ ಇದ್ದರೆ ಮುಂದಿನ ಸುತ್ತಿನವರೆಗೆ ಕಾಯಬೇಕಾಗುತ್ತದೆ. ಒಬ್ಬ ದೊಡ್ಡವರು ಮಗುವಿನೊಂದಿಗೆ ಕುಳಿತಿರಲಿ. ಸಹಿ ಪುಸ್ತಕಕ್ಕೆ ದಪ್ಪನೆಯ ಸ್ಕೆಚ್ ಪೆನ್ ಒಯ್ಯಿರಿ, ದೊಡ್ಡ ಕೈಗವಸಿನ ಬೆರಳುಗಳಿಗೆ ಸಣ್ಣ ಬಾಲ್‌ಪೆನ್ ಹಿಡಿಯಲು ಆಗುವುದಿಲ್ಲ. ಫೋನ್ ಒಬ್ಬರ ಕೈಯಲ್ಲಿ ಮಾತ್ರ ಇದ್ದು, ಉಳಿದವರು ಮಗುವಿನ ಜೊತೆ ಇದ್ದರೆ ಒಳ್ಳೆಯದು. ಎಲ್ಲ ಪಾತ್ರಗಳೂ ಬಂದು ಹೋದವೇ ಎಂದು ಲೆಕ್ಕ ಇಟ್ಟುಕೊಂಡು, ಯಾವುದಾದರೂ ತಪ್ಪಿದ್ದರೆ ಬಿಲ್ ಕೊಡುವ ಮುನ್ನ ಬಡಿಸುವವರಿಗೆ ಹೇಳಿ. ಅವರು ಆ ಪಾತ್ರವನ್ನು ನಿಮ್ಮ ಮೇಜಿನ ಕಡೆಗೆ ಕಳುಹಿಸುವ ವ್ಯವಸ್ಥೆ ಮಾಡುತ್ತಾರೆ.

ಮಗುವಿಗೆ ಹಿಂದಿನ ರಾತ್ರಿ ಜ್ವರ ಬಂದರೆ, ಅಥವಾ ಬೆಳಿಗ್ಗೆ ಎದ್ದಾಗ ಯಾರಿಗೂ ಉತ್ಸಾಹವಿಲ್ಲದಿದ್ದರೆ, ಕಾಯ್ದಿರಿಸಿದ್ದೇವೆ ಎಂಬ ಒಂದೇ ಕಾರಣಕ್ಕೆ ಹೊರಡಬೇಕಿಲ್ಲ. ಮುಂಗಡ ಹಣ ಕಟ್ಟಿಸಿಕೊಳ್ಳದ ಸ್ಥಳಗಳಲ್ಲಿ, ಗಡುವಿನೊಳಗೆ ರದ್ದು ಮಾಡದೆ ಹೋಗದಿದ್ದವರಿಗೆ ಸಾಮಾನ್ಯವಾಗಿ ತಲೆಗೆ 10 ಡಾಲರ್ ಶುಲ್ಕ ಬೀಳುತ್ತದೆ. ರದ್ದು ಮಾಡುವ ಗಡುವು ನಿಮಗೆ ಬಂದ ದೃಢೀಕರಣ ಪತ್ರದಲ್ಲಿಯೇ ಇರುತ್ತದೆ. ಆ ಗಡುವಿಗೆ ಅರ್ಧ ಗಂಟೆ ಮೊದಲು ಫೋನಿನಲ್ಲಿ ಅಲಾರಂ ಇಟ್ಟು, ಹೋಗುವುದೋ ಬಿಡುವುದೋ ಎಂಬುದನ್ನು ಆಗ ಮತ್ತೊಮ್ಮೆ ಮನೆಮಂದಿಯೊಂದಿಗೆ ಮಾತನಾಡಿ ನಿರ್ಧರಿಸಿ.